ನನ್ನ ಹೆಸರಿನ ಮುಂದಿನ ಇಂಟು

ಅಂದು ನಾನು ಹೇಳಬೇಕಾಗಿದ್ದದ್ದು ಒಂದೇ ಮಾತು: "ಅದನ್ನ ತಿದ್ದಿದಾಕಿ ನಾನು." ಹೇಳಲಿಲ್ಲ. ಬೆಳಗ್ಗೆ ಹೇಳಬಹುದಿತ್ತು, ಮಧ್ಯಾಹ್ನ ಹೇಳಬಹುದಿತ್ತು, ಮಾಲಕರು ಬಂದು ಬೆನ್ನ ಹಿಂದೆ ನಿಂತ ಮೇಲೂ ಹೇಳಬಹುದಿತ್ತು. ನನ್ನ ತಮ್ಮ ಕಂಪ್ಯೂಟರಿನ ಮುಂದೆ ಕುಳಿತು ಬೆವರು ಒರೆಸಿಕೊಳ್ಳುತ್ತಿದ್ದ. ನಾನು ಹಿಂದೆ ನಿಂತು ಅವನಿಗೆ ಬೀಸಣಿಗೆ ಬೀಸುತ್ತಿದ್ದೆ. ಬೀಸಣಿಗೆ ಬೀಸಲು ಧೈರ್ಯ ಬೇಕಾಗುವುದಿಲ್ಲ.

ಆಳಂದದ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ, ಬೀಜ-ಗೊಬ್ಬರದ ಅಂಗಡಿಯ ಮೇಲಿನ ಮಹಡಿಯಲ್ಲಿ ಆ ಕಂಪ್ಯೂಟರ್ ಕ್ಲಾಸು ಇತ್ತು. ತೊಂಬತ್ತರ ದಶಕ ಮುಗಿಯುತ್ತ ಬಂದಿದ್ದ ಕಾಲ. ತಮ್ಮ ಅಲ್ಲಿ ಕಲಿಸುವ ಮಾಸ್ತರ. ನಾನು ಬಾಗಿಲು ತೆಗೆದು, ಕಸ ಗುಡಿಸಿ, ಕೀಬೋರ್ಡುಗಳ ಸಂದಿಯ ಧೂಳನ್ನು ಬಣ್ಣದ ಬ್ರಷ್ಷಿನಿಂದ ತೆಗೆಯುವವಳು. ಏಳನೆಯ ತರಗತಿಯ ಪರೀಕ್ಷೆಯಲ್ಲಿ ನಪಾಸಾದ ಮೇಲೆ ನಾನು ಶಾಲೆಗೆ ಹೋಗಲಿಲ್ಲ. ಟೈಪಿಂಗ್ ಕ್ಲಾಸಿನಲ್ಲಿ ಕನ್ನಡ ಟೈಪು ಮಾತ್ರ ಕಲಿತಿದ್ದೆ. ಇಂಗ್ಲಿಷ್ ಅಕ್ಷರ ಗುರುತಿಸುತ್ತಿದ್ದೆ, ಅರ್ಥ ತಿಳಿಯುತ್ತಿರಲಿಲ್ಲ.

ಮಾಲಕರಿಗೆ ವಿಂಡೋಸಿನ ಅಸಲಿ ಪ್ರತಿ ಕೊಳ್ಳುವ ಮನಸ್ಸಿರಲಿಲ್ಲ. ನಕಲಿ ಹಾಕಿಸಿದರೆ ಪರೀಕ್ಷೆ ನಡೆಸಲು ಬರುವವರು ಹಿಡಿಯುತ್ತಾರೆಂಬ ಹೆದರಿಕೆಯೂ ಇತ್ತು. ತಮ್ಮ ಒಂದು ಕಂಪ್ಯೂಟರ್ ಪತ್ರಿಕೆಯ ಜೊತೆ ಬಂದ ಸಿಡಿಯಿಂದ ಲಿನಕ್ಸ್ ಹಾಕಿದ. ಯಾರೂ ಅವನಿಗೆ ಕಲಿಸಿರಲಿಲ್ಲ. ಗುಲ್ಬರ್ಗಾದ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಒಂದು ದಪ್ಪ ಪುಸ್ತಕವೇ ಗುರು. ದೊಡ್ಡ ಯಂತ್ರ ಒಂದು, ಉಳಿದ ಯಂತ್ರಗಳೆಲ್ಲ ತಂತಿಯಿಂದ ಅದಕ್ಕೆ ಜೋಡಿಸಿದವು. ವಿದ್ಯಾರ್ಥಿಗಳ ಕೆಲಸವೆಲ್ಲ ಆ ದೊಡ್ಡ ಯಂತ್ರದ ಹೊಟ್ಟೆಯಲ್ಲೇ.

ಲಿನಕ್ಸಿನಲ್ಲಿ ಎಲ್ಲರ ಮೇಲೆ ಒಬ್ಬ ಯಜಮಾನನಿರುತ್ತಾನೆ, ಅವನ ಹೆಸರು 'ರೂಟ್' ಎಂದು ತಮ್ಮ ನನಗೆ ಹೇಳಿಕೊಟ್ಟಿದ್ದ. ಪರದೆಯ ಮೇಲೆ 'ಅಡ್ಮಿನಿಸ್ಟ್ರೇಟರ್ ಟರ್ಮಿನಲ್' ಎಂಬ ಚಿತ್ರವಿತ್ತು. ಅದನ್ನು ಒತ್ತಿದರೆ ಪಾಸ್‌ವರ್ಡ್ ಕೇಳಿ ಒಂದು ಕಪ್ಪು ಕಿಟಕಿ ತೆರೆಯುತ್ತಿತ್ತು. ಆ ಕಿಟಕಿಯಲ್ಲಿ ಕುಳಿತವನಿಗೆ ರೂಟ್‌ನ ಅಧಿಕಾರ. ಹೊಸ ವಿದ್ಯಾರ್ಥಿಯ ಹೆಸರನ್ನು ಯಂತ್ರಕ್ಕೆ ಸೇರಿಸಬೇಕೆಂದರೂ ಅಲ್ಲಿಂದಲೇ ಸೇರಿಸಬೇಕು.

ಸರ್ಟಿಫಿಕೇಟ್ ಪರೀಕ್ಷೆ ಹತ್ತಿರ ಬಂದಿತ್ತು. ಪರೀಕ್ಷಕರು ಗುಲ್ಬರ್ಗಾದಿಂದ ಬರುವವರು. ಅವರು ತರುವ ಹೊಸ ಹೆಸರುಗಳನ್ನು ಅವರ ಕಣ್ಣೆದುರಿಗೇ ಯಂತ್ರಕ್ಕೆ ಸೇರಿಸಿ, ಆ ಹೆಸರಿನಲ್ಲೇ ಹುಡುಗರನ್ನು ಕೂರಿಸಬೇಕಿತ್ತು. ಮಾಲಕರಿಗೆ ಅಫಜಲಪುರದಲ್ಲಿ ಇನ್ನೊಂದು ಕ್ಲಾಸಿತ್ತು. ಜೇವರ್ಗಿಯಲ್ಲಿ ಮೂರನೆಯದು ತೆರೆಯುವವರಿದ್ದರು. ತಮ್ಮನಿಗೆ ಅವರು ಎಲ್ಲರೆದುರು ಹೇಳಿದ್ದರು: "ಮಾಸ್ತರ, ಈ ಪರೀಕ್ಷಾ ನೀಟಾಗಿ ನಡಸ್ಕೊಟ್ಟಿ ಅಂದ್ರ ಜೇವರ್ಗಿ ನಿನ್ನ ಕೈಯಾಗ. ನಾ ತಿಂಗಳಿಗೊಮ್ಮಿ ಬಂದು ನೋಡ್ಕೊಂಡು ಹೋಗಾವ, ಅಷ್ಟ." ತಮ್ಮ ಆ ದಿನದಿಂದ ಜೇವರ್ಗಿಯ ಕನಸಿನಲ್ಲೇ ಇದ್ದ. ಯಾವ ಗೋಡೆಗೆ ಕಪ್ಪು ಹಲಗೆ, ಯಾವ ಮೂಲೆಯಲ್ಲಿ ದೊಡ್ಡ ಯಂತ್ರ ಎಂದು ಊಟಕ್ಕೆ ಕುಳಿತಾಗಲೂ ರೊಟ್ಟಿಯ ಮೇಲೆ ಬೆರಳಿನಿಂದ ಗೆರೆ ಎಳೆದು ತೋರಿಸುತ್ತಿದ್ದ.

ಒಂದು ಮಧ್ಯಾಹ್ನ ಹೊಸ ಕ್ಲಾಸಿನ ಖೋಲಿ ನೋಡಿಬರಲು ಅವನು ಜೇವರ್ಗಿಗೆ ಹೋದ. ಹೋಗುವಾಗ ಯಜಮಾನನ ಕಿಟಕಿಯನ್ನು ತೆರೆದೇ ಬಿಟ್ಟ. ನಾಲ್ಕಾರು ಹೊಸ ವಿದ್ಯಾರ್ಥಿಗಳ ಹೆಸರು ಸೇರಿಸುವ ಕೆಲಸ ನನಗೆ ಕೊಟ್ಟಿದ್ದ. ಸೇರಿಸಿದ ಮೇಲೆ ಹೆಸರು ಬಂದಿವೆಯೋ ಇಲ್ಲವೋ ಎಂದು ನೋಡಲು ಒಂದು ಕಡತ ತೆರೆಯುವುದನ್ನೂ ತೋರಿಸಿದ್ದ.

"ನೋಡಬೇಕಷ್ಟ. ತಿದ್ದಬ್ಯಾಡ ಮತ್ತ," ಅಂದಿದ್ದ.

"ನಾ ಯಾಕ್ ತಿದ್ಲಿ ಬಿಡೋ. ನಿನ್ನ ಬಸ್ ಹೋಗ್ತದ, ನಡಿ," ಅಂದಿದ್ದೆ.

ಹೆಸರು ಸೇರಿಸಿದೆ. ಕಡತ ತೆರೆದೆ. ಪ್ರತಿ ಸಾಲಿಗೆ ಒಂದು ಹೆಸರು. ಹೆಸರಾದ ಮೇಲೆ ಮೇಲೊಂದು ಕೆಳಗೊಂದು ಚುಕ್ಕಿ, ಆಮೇಲೆ ಒಂದು ಇಂಟು ಗುರುತು, ಮತ್ತೆ ಎರಡು ಚುಕ್ಕಿ, ಆಮೇಲೆ ಅಂಕಿಗಳು. ಎಲ್ಲರ ಹೆಸರಿನ ಮುಂದೆಯೂ ಇಂಟು. ಅದು ಇಂಗ್ಲಿಷಿನ ಒಂದು ಅಕ್ಷರ ಎಂದು ನನಗೆ ಹೊಳೆಯಲಿಲ್ಲ. ನಾನು ಬಲ್ಲ ಇಂಟು ಒಂದೇ: ಮಾಸ್ತರರು ಕೆಂಪು ಪೆನ್ನಿನಿಂದ ಎಳೆಯುವುದು. ಸರಿಯಿದ್ದರೆ ರೈಟು, ತಪ್ಪಿದ್ದರೆ ಇಂಟು.

ಕೆಳಗೆ 'akka' ಎಂಬ ಹೆಸರಿತ್ತು. ತಮ್ಮ ನನ್ನ ಸಲುವಾಗಿ ಮಾಡಿದ ಹೆಸರು ಅದು. "ಮಷೀನಿನಾಗ ನಿನ್ನ ಹೆಸರು ಹಾಕೇನಿ ನೋಡು" ಎಂದು ಹಿಂದೊಮ್ಮೆ ಹೇಳಿದ್ದ. ಅದರ ಮುಂದೆಯೂ ಇಂಟು. ಇಲ್ಲಿಯೂ ನಪಾಸೇ ಅನ್ನಿಸಿತು ನನಗೆ. ಈಗ ಬರೆಯುವಾಗ ಇದು ಹುಚ್ಚುತನ ಎನಿಸುತ್ತದೆ. ಆಗ ಎದೆಯಲ್ಲಿ ಏನೋ ಚುಚ್ಚಿದಂತಾಗಿದ್ದು ಮಾತ್ರ ನಿಜ.

ನನ್ನ ಸಾಲಿನ ಇಂಟು ಅಳಿಸಿದೆ. ಅಳಿಸಿದಾಗ ಆಚೆ ಎರಡು ಚುಕ್ಕಿ, ಈಚೆ ಎರಡು ಚುಕ್ಕಿ ಒಂದಕ್ಕೊಂದು ಅಂಟಿ ನಿಂತವು. ಟೈಪಿಂಗ್ ಕ್ಲಾಸಿನಲ್ಲಿ ಚಿಹ್ನೆ ಜೋಡಿ ಬಿದ್ದರೆ ತಪ್ಪು ಎಣಿಸುತ್ತಿದ್ದರು. ಕೈಗೆ ಅದೇ ರೂಢಿ. ಒಂದು ಜೊತೆ ಚುಕ್ಕಿಯನ್ನೂ ಅಳಿಸಿ ಸಾಲು ಚೊಕ್ಕ ಮಾಡಿದೆ. ಆಮೇಲೆ, ನನ್ನದೊಂದೇ ಯಾಕೆ, ಎಲ್ಲರದನ್ನೂ ತೆಗೆಯೋಣ ಎಂದು ಮೇಲಿನ ಸಾಲಿಗೆ ಹೋದೆ. ಮೊದಲ ಸಾಲು ರೂಟ್‌ನದು. ಅದನ್ನೂ ಹಾಗೆಯೇ ಚೊಕ್ಕ ಮಾಡಿದೆ. ಅಷ್ಟರಲ್ಲಿ ಕೆಳಗೆ ಮಾಲಕರ ಸ್ಕೂಟರಿನ ಸದ್ದು ಕೇಳಿಸಿತು. ಮರುದಿನ ಹುಣ್ಣಿಮೆ, ಗಾಣಗಾಪುರಕ್ಕೆ ಹೋಗುವ ಮೊದಲು ಏನೋ ಹೇಳಲು ಬಂದಿದ್ದರು. ನಾನು ಗಡಿಬಿಡಿಯಲ್ಲಿ ಉಳಿಸುವ ಗುಂಡಿ ಒತ್ತಿ, ಕಿಟಕಿ ಮುಚ್ಚಿ, ಯಂತ್ರವನ್ನೂ ಮುಚ್ಚಿದೆ.

ಮರುದಿನ ಬೆಳಗ್ಗೆ ತಮ್ಮ ಖುಷಿಯಿಂದ ಬಂದ. ಜೇವರ್ಗಿಯ ಖೋಲಿಗೆ ಎರಡು ಕಿಟಕಿ, ಗಾಳಿ ಚೆನ್ನಾಗಿ ಬರುತ್ತದೆ ಅಂದ. ಯಂತ್ರ ಹಚ್ಚಿದ. ತನ್ನ ಹೆಸರಿನಲ್ಲಿ ಒಳಗೆ ಹೋದ. ಯಜಮಾನನ ಚಿತ್ರ ಒತ್ತಿದ. ಮರಳು ಗಡಿಯಾರ ಸ್ವಲ್ಪ ಹೊತ್ತು ತಿರುಗಿ ನಿಂತಿತು. ಕಿಟಕಿ ಬರಲಿಲ್ಲ. ಮತ್ತೆ ಒತ್ತಿದ. ಮತ್ತೆ ಅದೇ. ತಪ್ಪಾಗಿದೆ ಎಂದೂ ಹೇಳದೆ, ಏನೂ ಕೇಳದೆ, ಯಂತ್ರ ಸುಮ್ಮನಾಗುತ್ತಿತ್ತು.

ಪರೀಕ್ಷೆ ಮರುದಿನವೇ ಇತ್ತು.

ಮೊದಲು ಅವನು ಚಿತ್ರವೇ ಕೆಟ್ಟಿರಬೇಕು ಅಂದುಕೊಂಡ. ಅದನ್ನು ತೆಗೆದು ಹೊಸದು ಮಾಡಿದ. ಅದೂ ತೆರೆಯಲಿಲ್ಲ. ಯಜಮಾನನ ಅಧಿಕಾರವಿಲ್ಲದ, ಸಾಮಾನ್ಯರ ಕಪ್ಪು ಕಿಟಕಿ ಮಾತ್ರ ಚೆನ್ನಾಗಿಯೇ ತೆರೆಯುತ್ತಿತ್ತು. ಡಿಸ್ಕ್ ತುಂಬಿದರೆ ಹೀಗಾಗುತ್ತದೆಂದು ಪುಸ್ತಕದಲ್ಲಿ ಓದಿದ್ದನಂತೆ. ಆ ಕಿಟಕಿಯಲ್ಲೇ ನೋಡಿದ. ಜಾಗ ಬೇಕಾದಷ್ಟಿತ್ತು. ಹೊರಗೆ ಬಂದು, ಶುರುವಿನ ಪರದೆಯಲ್ಲಿ ರೂಟ್ ಎಂದೇ ಹೆಸರು ಹೊಡೆದು ಪಾಸ್‌ವರ್ಡ್ ಕೊಟ್ಟ. ತಪ್ಪು ಎಂದಿತು. ಕ್ಯಾಪ್ಸ್ ಲಾಕಿನ ದೀಪ ನೋಡಿದ. ಬೇರೆ ಕೀಬೋರ್ಡ್ ತಂದು ಚುಚ್ಚಿದ. ಹಳೆಯ ಪಾಸ್‌ವರ್ಡುಗಳನ್ನೆಲ್ಲ ಕೊಟ್ಟು ನೋಡಿದ. ಎಲ್ಲವೂ ತಪ್ಪು.

"ಅಕ್ಕಾ, ನಿನ್ನೆ ಯಾರರೆ ಬಂದಿದ್ರೇನು?"

"ಸಾವ್ಕಾರ್ರು ಬಂದಿದ್ರು. ನಿಂತೇ ಮಾತಾಡಿ ಹ್ವಾದ್ರು."

"ನೀ ಏನರೆ ಮುಟ್ಟಿದಿ?"

"ಹೆಸರು ಸೇರಿಸಿದೆ. ಅಷ್ಟ."

'ಅಷ್ಟ' ಅನ್ನುವ ಮಾತು ಬಾಯಿಂದ ಬಿದ್ದಾಗ ಆ ಸುಳ್ಳು ಎಷ್ಟು ದೊಡ್ಡದೆಂದು ನನಗೆ ಇನ್ನೂ ತಿಳಿದಿರಲಿಲ್ಲ. ಎರಡು ಗುರುತು ಅಳಿಸಿದ್ದರಿಂದ ಇಷ್ಟೆಲ್ಲ ಆಗುತ್ತದೆಂದು ನಾನು ನಂಬಿರಲಿಲ್ಲ. ಆದರೆ ತಿದ್ದಬೇಡ ಅಂದಿದ್ದನ್ನು ತಿದ್ದಿದ್ದೆ ಎಂಬುದು ತಿಳಿದಿತ್ತು. ಅದನ್ನು ಬಚ್ಚಿಟ್ಟೆ.

ಮಧ್ಯಾಹ್ನ ಕರೆಂಟು ಹೋಯಿತು. ಯುಪಿಎಸ್ಸಿನ ಬ್ಯಾಟರಿ ಹಳೆಯದು, ಒಂದೆರಡು ಸಲ ಕಿರುಚಿ ಸತ್ತಿತು. ಯಂತ್ರ ಧಪ್ಪೆಂದು ನಿಂತಿತು. ತಮ್ಮ ಕೆಳಗಿಳಿದು ಎಸ್‌ಟಿಡಿ ಬೂತಿಗೆ ಹೋಗಿ ಅಫಜಲಪುರದ ಕ್ಲಾಸಿನ ಮಾಸ್ತರನಿಗೆ ಫೋನ್ ಹಚ್ಚಿದ. ನಾನೂ ಹಿಂದೆ ಹೋದೆ. ಆ ಮಾಸ್ತರನ ದನಿ ಬೂತಿನ ಹೊರಗೂ ಕೇಳುತ್ತಿತ್ತು.

"ಅದಕ್ಕ್ಯಾಕ ಇಷ್ಟ ಹೈರಾಣಾಗ್ತಿ? ಫಾರ್ಮ್ಯಾಟ್ ಹೊಡಿ, ಹೊಸದಾಗಿ ಹಾಕು. ಸಂಜಿಕ್ಕ ತಯಾರ್."

"ಹುಡುಗೂರ ಪ್ರಾಜೆಕ್ಟೆಲ್ಲಾ ಅದ್ರಾಗೇ ಅದಾವ್ರಿ. ಇನ್ನೊಂದು ಕಾಪಿ ಇಲ್ಲ."

"ಕಾಪಿ ಇಡಲಾರದೇ ಮಾಸ್ತರಕಿ ಮಾಡ್ತಿಯೇನಪಾ? ಶಾಬಾಸ್."

ಕರೆಂಟು ಬಂದ ಮೇಲೆ ಯಂತ್ರ ಡಿಸ್ಕನ್ನು ತಪಾಸಿಸುತ್ತ ಕೂತಿತು. ಪರದೆಯ ಮೇಲೆ ಶೇಕಡಾ ಅಂಕಿ ನಿಧಾನ ಏರುವುದನ್ನು ನೋಡುತ್ತ ತಮ್ಮ ಕಟ್ಟಿಕೊಂಡು ಬಂದ ರೊಟ್ಟಿಯ ಗಂಟು ಬಿಚ್ಚದೆ ಬಿಟ್ಟ. ಡಿಸ್ಕಿಗೇನೂ ಆಗಿರಲಿಲ್ಲ. ಆಗ ಅವನಿಗೆ ಒಂದು ಉಪಾಯ ಹೊಳೆಯಿತು. ಚಿತ್ರ ಒತ್ತಿದರೆ ಯಂತ್ರ ಕಾರಣ ಹೇಳುತ್ತಿಲ್ಲ. ಚಿತ್ರ ಮಾಡುವ ಕೆಲಸವನ್ನೇ ಸಾಮಾನ್ಯರ ಕಿಟಕಿಯಲ್ಲಿ ಕೈಯಿಂದ ಹೊಡೆದರೆ ಏನಾದರೂ ಬರೆದೀತು. ಹೊಡೆದ. ಒಂದು ಸಾಲು ಬಂತು. ಅವನು ಅದನ್ನು ಎರಡು ಸಲ ಓದಿದ.

"ಏನಂತದ?" ಅಂದೆ.

"ರೂಟ್ ಅನ್ನಾವ ಈ ಮಷೀನಿನಾಗ ಇಲ್ಲೇ ಇಲ್ಲಂತ."

ನನ್ನ ಕೈಯಲ್ಲಿನ ಬೀಸಣಿಗೆ ನಿಂತಿತು. ಮೊದಲ ಸಾಲು. ನಾನು ಚೊಕ್ಕ ಮಾಡಿದ ಸಾಲು. ಆ ಗಳಿಗೆಯಲ್ಲಿ ಎಲ್ಲ ತಿಳಿಯಿತು. ಇನ್ನೊಂದೂ ತಿಳಿಯಿತು: ಆ ಕಡತ ತೆರೆದರೆ ಯಜಮಾನನ ಸಾಲಿನ ಜೊತೆಗೆ ಅಕ್ಕನ ಸಾಲೂ ಕೆಟ್ಟದ್ದು ಕಾಣುತ್ತದೆ. ಬೇರೆ ಯಾರ ಹೆಸರೂ ಅಲ್ಲ, ಅವೆರಡೇ. ಕಳ್ಳ ತನ್ನ ಹೆಸರು ಬರೆದಿಟ್ಟು ಹೋದ ಹಾಗೆ.

ತಮ್ಮನ ಮುಖ ಸಣ್ಣದಾಗಿತ್ತು. "ಯಜಮಾನನೇ ಇಲ್ಲಂದ್ರ ತಿದ್ದಾವ ಯಾರು? ಆ ಕಡತ ಓದಬಹುದು, ಬರೀಲಿಕ್ಕ ಯಜಮಾನನೇ ಬೇಕು," ಎಂದು ತನ್ನಷ್ಟಕ್ಕೆ ಅಂದುಕೊಳ್ಳುತ್ತಿದ್ದ. ಅದನ್ನು ತೆರೆದು ಓದೋಣವೆಂದು ಅವನಿಗೆ ಯಾವ ಗಳಿಗೆಯಲ್ಲಾದರೂ ಹೊಳೆಯಬಹುದು. ನಾನು ಬಾಯಿ ತೆರೆದೆ.

"ಆ ಮಾಸ್ತರ ಹೇಳಿದ್ದೇ ಖರೆ ಅದ ನೋಡು. ಫಾರ್ಮ್ಯಾಟ್ ಮಾಡಿಬಿಡು."

ಅವನು ತಿರುಗಿ ನೋಡಿದ. "ಹುಡುಗೂರ ಕೆಲಸ, ಅಕ್ಕಾ?"

"ಮತ್ತ ಬರೀತಾರ. ಕೈ ಮುರದಾವೇನು ಅವರ್ವು? ಜೇವರ್ಗಿ ಮತ್ತ ಸಿಗ್ತದೇನು?"

ಜೇವರ್ಗಿಯ ಹೆಸರು ಹೇಳಿದರೆ ಅವನು ಒಪ್ಪುತ್ತಾನೆಂದು ಗೊತ್ತಿತ್ತು. ಅದಕ್ಕೇ ಹೇಳಿದೆ. ಅವನು ಸಿಡಿ ತೆಗೆದುಕೊಂಡು ಅಂಗಿಯ ಅಂಚಿಗೆ ಒರೆಸಿದ. ಯಂತ್ರದ ತಟ್ಟೆಯಲ್ಲಿ ಇಟ್ಟ. ತಟ್ಟೆ ಒಳಗೆ ಹೋಯಿತು. ಇನ್ನೊಂದು ಗುಂಡಿ ಒತ್ತಿದರೆ ನನ್ನ ಗುರುತೆಲ್ಲ ಅಳಿಸಿಹೋಗುತ್ತಿತ್ತು. ಜೊತೆಗೆ ಎಷ್ಟೋ ತಿಂಗಳಿಂದ ಬಂದು ಕಲಿತ ಹುಡುಗ ಹುಡುಗಿಯರ ಕೆಲಸವೂ. ನಾನು ಅದಕ್ಕೂ ತಯಾರಾಗಿ ನಿಂತಿದ್ದೆ.

ಅವನು ಗುಂಡಿ ಒತ್ತಲಿಲ್ಲ. ಆಮೇಲೆ ತಟ್ಟೆ ಹೊರಗೆಳೆದು ಸಿಡಿ ತೆಗೆದ. "ಬ್ಯಾಡ. ಅತನೂರದಿಂದ ದಿನಾ ಬಸ್ಸಿನಾಗ ನಿಂತ್ಕೊಂಡು ಬರ್ತಾವ ಆ ಹುಡುಗಿಯರು. ಅವರ ಕೆಲಸ ಅಳಿಸಿ ನಾ ಜೇವರ್ಗಿಗೆ ಹೋಗೋದು ಬ್ಯಾಡ," ಅಂದ. ದಪ್ಪ ಪುಸ್ತಕ ತೆಗೆದು ಹಿಂದಿನಿಂದ ಹಾಳೆ ಮಗುಚತೊಡಗಿದ.

ಪುಸ್ತಕದಲ್ಲಿ ಒಂದು ದಾರಿಯಿತ್ತು. ಯಂತ್ರ ಏಳುವಾಗಲೇ, ಮೊದಲು ಬರುವ ಪರದೆಯಲ್ಲಿ, ಲಿನಕ್ಸ್ ಎಂಬ ಹೆಸರಿನ ಮುಂದೆ 'ಒಬ್ಬನೇ' ಎಂಬರ್ಥದ ಇಂಗ್ಲಿಷ್ ಪದ ಹೊಡೆದರೆ ಯಂತ್ರ ಯಾರ ಹೆಸರನ್ನೂ ಕೇಳದೆ ನೇರ ಯಜಮಾನನ ಜಾಗಕ್ಕೆ ಒಯ್ದು ಕೂರಿಸುತ್ತದಂತೆ. ಅವನು ಅದನ್ನು ಒಮ್ಮೆಯೂ ಮಾಡಿ ನೋಡಿರಲಿಲ್ಲ. ಯಂತ್ರ ಮುಚ್ಚಿ ಮತ್ತೆ ಹಚ್ಚಿದ. ಮೊದಲ ಸಲ ತಡವಾಯಿತು. ಪರದೆ ದಾಟಿ ಹೋಯಿತು. ಮತ್ತೆ ಮುಚ್ಚಿ ಹಚ್ಚಿದ. ಕೆಳಗೆ ಸ್ಕೂಟರ್ ನಿಂತಿತು. ಮಾಲಕರು ಹಣೆಯ ಮೇಲೆ ಗಾಣಗಾಪುರದ ಗಂಧ ಇಟ್ಟುಕೊಂಡು ಮೆಟ್ಟಿಲು ಹತ್ತಿ ಬಂದರು. ಅಫಜಲಪುರದ ಮಾಸ್ತರ ಅವರಿಗೆ ಮೊದಲೇ ಸುದ್ದಿ ಮುಟ್ಟಿಸಿದ್ದ.

"ಏನ್ ಮಾಸ್ತರ, ನಾ ದತ್ತನ ದರ್ಶನ ಮಾಡಿ ಬರೋದ್ರಾಗ ಇಲ್ಲಿ ದೇವರು ಗುಡಿ ಬಿಟ್ಟು ಹ್ವಾದನಂತಲ್ಲ?"

"ಒಂದ್ ಜರಾ ನಿಂದರ್ರಿ, ಸಾವ್ಕಾರ್ರ."

ಈ ಸಲ ಅವನು ಆ ಪದ ಸರಿಯಾದ ಹೊತ್ತಿಗೆ ಹೊಡೆದ. ಪುಸ್ತಕದ ಆ ದಾರಿ ಫಲಿಸಬಾರದೆಂದು ನಾನು ಒಳಗೇ ಬೇಡಿಕೊಳ್ಳುತ್ತಿದ್ದೆ. ಒಡಹುಟ್ಟಿದವನ ಕೆಲಸ ಕೆಡಲೆಂದು ಬೇಡಿದ್ದು ಅದೊಂದೇ ಸಲ. ಪರದೆಯ ಮೇಲೆ ಯಜಮಾನನ ಗುರುತು ಬಂತು.

ಅವನು ಕಡತ ತೆರೆದ. ಮೊದಲ ಸಾಲಿನಲ್ಲೇ ಅವನ ಬೆರಳು ನಿಂತಿತು.

"ನೋಡ್ರಿ, ಇಲ್ಲಿ ಒಂದು ಎಕ್ಸ್ ಇರಬೇಕಾಗಿತ್ತು. ಅದಿಲ್ಲ, ಅದರ ಸಂಗಾಟಿನ ಚುಕ್ಕಿನೂ ಇಲ್ಲ. ಅದಕ್ಕ ಮುಂದಿನ ಅಂಕಿಯೆಲ್ಲಾ ಒಂದೊಂದು ಮನಿ ಹಿಂದ ಸರದಾವ. ಮಷೀನಿಗೆ ಇವ ಯಾರಂತ ತಿಳೀವಲ್ದು."

"ಎಕ್ಸ್ ಅಂದ್ರ ತಪ್ಪು ಅಂತಲ್ಲೇನು?" ಮಾಲಕರೂ ಕೇಳಿದರು.

"ಅಲ್ರಿ. ಪಾಸ್‌ವರ್ಡ್ ಇಲ್ಲಿಲ್ಲ, ಬ್ಯಾರೆ ಕಡೆ ಭದ್ರ ಇಟ್ಟದ ಅಂತ ಅದರರ್ಥ."

ಅವನು ಎಕ್ಸ್ ಹೊಡೆದ, ಚುಕ್ಕಿ ಹೊಡೆದ. ಅಷ್ಟೇ. ಬೆಳಗಿನಿಂದ ಅವನು ಹುಡುಕಿದ್ದು ಎರಡು ಅಕ್ಷರ. ಮಾಲಕರು ತಂಬಾಕು ಉಗುಳಲು ಕಿಟಕಿಯ ಕಡೆ ಹೋದರು. ತಮ್ಮ ಬೇರೆ ಯಾವ ಸಾಲಾದರೂ ಕೆಟ್ಟಿದೆಯೇ ಎಂದು ಕೆಳಕೆಳಗೆ ಇಳಿದ. ಅಕ್ಕನ ಸಾಲಿಗೆ ಬಂದ. ನಿಂತ. ಅವನ ಕುತ್ತಿಗೆಯ ಹಿಂಭಾಗ ಮಾತ್ರ ನನಗೆ ಕಾಣುತ್ತಿತ್ತು. ಅದು ನನ್ನ ಕಡೆ ತಿರುಗಲಿಲ್ಲ. ಎಕ್ಸ್ ಹೊಡೆದ, ಚುಕ್ಕಿ ಹೊಡೆದ, ಉಳಿಸಿದ.

ಯಂತ್ರ ಮತ್ತೆ ಎದ್ದಿತು. ಚಿತ್ರ ಒತ್ತಿದ. ಪಾಸ್‌ವರ್ಡ್ ಕೇಳಿತು. ಯಜಮಾನನ ಕಿಟಕಿ ತೆರೆಯಿತು.

"ಆತು, ಛಲೋ ಆತು," ಅಂದರು ಮಾಲಕರು. "ಈಗ ಹೇಳು, ಇದು ಯಾರ ಕೆಲಸ?"

ನಾನು ಗೋಡೆಗೆ ಆತು ನಿಂತಿದ್ದೆ. ಹೇಳಲು ಅದೇ ಹೊತ್ತು. ನನ್ನನ್ನು ಕೆಲಸದಿಂದ ಬಿಡಿಸುತ್ತಿದ್ದರು, ಅದಕ್ಕಿಂತ ಹೆಚ್ಚೇನೂ ಮಾಡುತ್ತಿರಲಿಲ್ಲ. ತಮ್ಮ ದಪ್ಪ ಪುಸ್ತಕವನ್ನು ನಿಧಾನವಾಗಿ ಮುಚ್ಚಿ ಬದಿಗಿಟ್ಟ. ನನಗಾಗಿ ಕಾದನೆಂದು ಈಗ ಗೊತ್ತು.

"ನಂದೇರಿ," ಅಂದ. "ಹೆಸರು ಸೇರಿಸೋವಾಗ ಕೈ ತಪ್ತು."

"ಯಜಮಾನನ ಹೆಸರೇ ಕೆಡಿಸ್ಕೊಂಡು ಕುಂತಾವ, ಜೇವರ್ಗಿ ಹ್ಯಾಂಗ ನಡಸ್ತಿಯಪಾ ನೀ?"

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಪರೀಕ್ಷಕರು ಒಳ್ಳೆಯ ಮಾತಾಡಿ ಹೋದರು. ಜೇವರ್ಗಿಯನ್ನು ಮಾಲಕರು ಅಫಜಲಪುರದ ಮಾಸ್ತರನಿಗೆ ಕೊಟ್ಟರು, ಆಳಂದದ ಉಸ್ತುವಾರಿಯನ್ನೂ ಅವನಿಗೇ ಒಪ್ಪಿಸಿದರು. ಅವನ ಕೈಕೆಳಗೆ ದುಡಿಯಲು ಮನಸ್ಸಾಗದೆ ತಮ್ಮ ಕ್ಲಾಸು ಬಿಟ್ಟು, ಜೇವರ್ಗಿಯಲ್ಲೇ ಒಂದು ಹತ್ತಿ ಜಿನ್ನಿಂಗ್ ಗಿರಣಿಯ ಕಾಟಾದ ಮೇಲೆ ಲಾರಿ ತೂಗಿಸುವ ಕೆಲಸಕ್ಕೆ ಸೇರಿದ. ಆಳಂದದ ದೊಡ್ಡ ಯಂತ್ರ ನೋಡಿಕೊಳ್ಳುವ ಕೆಲಸ ಯಾರಿಗೆ ಬಂತು ಎಂದರೆ, ನನಗೆ. ಹೆಸರು ಸೇರಿಸಲು ಬರುತ್ತದಲ್ಲ, ಸಾಕು ಅಂದರು ಮಾಲಕರು. ಹುಡುಗಿಯರು ನನ್ನನ್ನು ಮೇಡಂ ಎಂದು ಕರೆಯತೊಡಗಿದರು. ನಾನು ಓಗೊಟ್ಟೆ.

ನಾಗರ ಪಂಚಮಿಗೆ ತಮ್ಮ ಮನೆಗೆ ಬಂದ. ಸೋದರಮಾವ, ಅತ್ತೆ ಎಲ್ಲ ಇದ್ದರು. ನಮ್ಮಲ್ಲಿ ಹೆಣ್ಣುಮಕ್ಕಳು ನಾಗಪ್ಪನಿಗೆ ಹಾಲೆರೆಯುವಾಗ ಮನೆಯವರ ಒಬ್ಬೊಬ್ಬರ ಹೆಸರಿನಲ್ಲಿ ಒಂದೊಂದು ಪಾಲು ಎರೆಯುತ್ತಾರೆ. ಅಪ್ಪನ ಪಾಲು, ಅವ್ವನ ಪಾಲು ಎಂದು ಎರೆದೆ. 'ತಮ್ಮನ ಪಾಲು' ಎನ್ನಬೇಕಿತ್ತು, ಹಾಲಿನ ಬಟ್ಟಲು ಹಿಡಿದು ಹಾಗೇ ನಿಂತೆ. ಅವ್ವ ಹಿಂದಿನಿಂದ, "ತಮ್ಮನ ಪಾಲು ಅನ್ನು ಬೇ, ಮರತಿಯೇನು?" ಅಂದಳು. ಅಂದೆ. ಹಾಲು ಕೈಮೇಲೆಲ್ಲ ಚೆಲ್ಲಿತು.

ಊಟಕ್ಕೆ ಕುಳಿತಾಗ ಮಾವ ಉಂಡಿ ಮುರಿಯುತ್ತ, "ಏನೋ ಅಳಿಯಾ, ಈಗ ಕಾಟಾರೆ ನೆಟ್ಟಗ ಇಟ್ಟಿಯೋ, ಇಲ್ಲಾ ಅದನ್ನೂ ಕೆಡಿಸಿದ್ಯೋ?" ಅಂದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ.

"ನನ್ನ ಕೈನೇ ಹಂಗ ಅದ ಮಾವಾ. ಲಾರಿ ಹತ್ತಿದ್ರ ಕಾಟಾ ಮುರೀತದ ಅಂತ ದಿನಾ ಹೆದರ್ಕೊಂತ ಕುಂದ್ರತೇನಿ," ಅಂದ.

ಅವನು ಆ ಮಾತನ್ನು ರೂಢಿಯಾದವನಂತೆ ಹೇಳಿದ. ಎಷ್ಟೋ ಕಡೆ, ಎಷ್ಟೋ ಸಲ ಹೇಳಿ ನಗಿಸಿ ನುಣುಪಾದ ಮಾತು ಅದು. ನಾನು ಬಡಿಸುತ್ತಿದ್ದ ಬುಟ್ಟಿಯನ್ನು ಕೆಳಗಿಟ್ಟೆ.

"ಮಾವಾ, ಮಷೀನ್ ಕೆಡಿಸಿದಾಕಿ ನಾನು. ಇವ ಅಲ್ಲ."

ಅವ್ವ ನನ್ನ ಮುಖ ನೋಡಿದಳು. ತಮ್ಮ ತಲೆ ಎತ್ತದೆ, "ಬಿಡು ಅಕ್ಕಾ. ನನಗ ಅವತ್ತೇ ಗೊತ್ತಿತ್ತು. ಹೆದರಿದ್ದಿ, ಹೇಳಲಿಲ್ಲ. ಉಣ್ಣು ಬಾ," ಅಂದ.

ಅವನು ಅಷ್ಟಕ್ಕೇ ನನ್ನನ್ನು ಕ್ಷಮಿಸಿಬಿಡಲು ಸಿದ್ಧನಿದ್ದ. ನಾನು ಅವನ ತಾಟಿನ ಎದುರು ಕುಳಿತೆ.

"ನಿನಗ ಪೂರಾ ಗೊತ್ತಿಲ್ಲ, ತಮ್ಮಾ. ಫಾರ್ಮ್ಯಾಟ್ ಮಾಡು ಅಂತ ನಿನಗ ಅಂದೆನಲ್ಲ, ಅದು ಜೇವರ್ಗಿ ಸಲುವಾಗಿ ಅಲ್ಲ. ಕೆಡಿಸಿದಾಕಿ ನಾ ಅಂತ ಅಷ್ಟೊತ್ತಿಗೆ ನನಗ ತಿಳಿದಿತ್ತು. ನನ್ನ ಗುರುತು ಅಳಿಸಿ ಹೋಗ್ಲಿ ಅಂತ ಅಂದೆ. ನಿನ್ನ ಹುಡುಗೂರ ಕೆಲಸ ಹ್ವಾದ್ರೂ ಹೋಗ್ಲಿ ಅಂತ ಅಂದೆ. ಆಮ್ಯಾಲ ನೀ ನನ್ನ ಸಲುವಾಗಿ ತಪ್ಪು ಹೊತ್ಕೊಂಡಿ, ನಾ ಗ್ವಾಡಿಗೆ ಆತು ನಿಂತು ಕೇಳ್ಕೊಂಡೆ. ನಿನ್ನ ಕುರ್ಚಿಮ್ಯಾಲ ಹೋಗಿ ಕುಂತೆ. ನಂದು ತಪ್ಪಾಗೇದ, ತಮ್ಮಾ. ನನಗ ಮಾಫ್ ಮಾಡು."